ಬಾಡಿಗೆ ಪುಸ್ತಕದ ಹೆದರಿಕೆ

ಬಂಗಾರಪೇಟೆ
24-8-1958

ಚಿರಂಜೀವಿ ಮುನಿರತ್ನಳಿಗೆ,

ನಾನು, ನಿನ್ನ ಅತ್ತಿಗೆ, ಮಗು ಪಂಕಜ ಎಲ್ಲರೂ ಆರೋಗ್ಯವಾಗಿದ್ದೇವೆ. ನೀನೂ ಆರೋಗ್ಯ ಎಂದು ಮೊದಲ ಸಾಲಿನಲ್ಲಿ ಬರೆದಿದ್ದೀಯ. ಮುಂದಿನ ಮೂರು ಪುಟ ಓದಿದ ಮೇಲೆ ಆ ಸಾಲಿನ ಮೇಲೆ ನನಗೆ ನಂಬಿಕೆ ಹೋಯಿತು.

ಹುಡುಗ ಜಯರಾಮಪ್ಪ ಚಿನ್ನದ ಗಣಿಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಗುಮಾಸ್ತ. ಖಾಯಂ ಕೆಲಸ, ಕಂಪನಿ ಮನೆ. ನಿನ್ನನ್ನು ನೋಡಿ ಒಪ್ಪಿದ್ದಾನೆ. ನಿನ್ನ ಕಾಲಿನ ವಿಷಯ ನಾನು ಬರೆಯುವುದಿಲ್ಲ, ಇದುವರೆಗೆ ಬಂದುಹೋದ ಏಳು ಮನೆಯವರು ಬಾಯಿಬಿಟ್ಟೇ ಹೇಳಿದ್ದಾರೆ. ಎಂಟನೆಯವನು ಹೂಂ ಅಂದರೆ ನೀನು ಬೇಡ ಅನ್ನುತ್ತೀಯ. ಕಾರಣ, ಒಂದು ಪತ್ತೇದಾರಿ ಕಾದಂಬರಿ. ಅದರಲ್ಲಿ ಹೆಂಡತಿ ಸತ್ತವನ ಮನೆಗೆ ಎರಡನೆಯವಳಾಗಿ ಹೋದವಳಿಗೆ ಗಂಡನ ಅಕ್ಕ ಮಜ್ಜಿಗೆಯಲ್ಲಿ ವಿಷ ಬೆರೆಸುತ್ತಾಳಂತೆ. ಜಯರಾಮಪ್ಪನ ಮೊದಲ ಹೆಂಡತಿಯೂ ಇಲ್ಲ, ಅವನ ಮನೆಯಲ್ಲೂ ಮಾತಾಡದ ಒಬ್ಬ ವಿಧವೆ ಅಕ್ಕ ಇದ್ದಾಳೆ. ಆದ್ದರಿಂದ ನೀನು ಸಾಯುವುದು ಖಚಿತ. ಇದೇ ತಾನೆ ನಿನ್ನ ತರ್ಕ?

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡಲು ಹಿಡಿದು ಹದಿನಾಲ್ಕು ವರ್ಷವಾಯಿತು. ಮೂರನೇ ಫಾರಂ ಹುಡುಗ ಹೀಗೆ ಬರೆದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ನೀನು ಮಕ್ಕಳಿಗೆ ಪಾಠ ಹೇಳುವವಳು. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹಿಂದೆ ಪುಸ್ತಕ ಬಾಡಿಗೆಗೆ ಕೊಡುವ ಆ ಗೂಡಂಗಡಿಯನ್ನು ನಾನೂ ನೋಡಿದ್ದೇನೆ. ಪುಟಪುಟಕ್ಕೂ ಯಾರೋ ಎಂಜಲು ಹಚ್ಚಿ ತಿರುಗಿಸಿದ ಗುರುತು. ಅವರ ಹೆದರಿಕೆಯೂ ಅದರ ಜೊತೆ ನಿನಗೆ ಅಂಟಿದೆ. ನಿನ್ನ ಕಾಲ ಕೆಳಗೆ ಗಣಿಯೊಳಗೆ ಬಂಡೆ ಸಿಡಿದಾಗ ಗೂಡಿನಲ್ಲಿಟ್ಟ ಲೋಟ ಉರುಳಿ ಬೀಳುತ್ತದೆ. ನೀನು ಅದನ್ನು ಎತ್ತಿಟ್ಟು ಮತ್ತೆ ಪುಸ್ತಕ ಹಿಡಿಯುತ್ತೀಯ. ನಿಜವಾದ ಅಪಾಯಕ್ಕೆ ಹೆದರದವಳು ಅಚ್ಚಾದ ಸುಳ್ಳಿಗೆ ನಡುಗುತ್ತಿದ್ದೀಯ.

ನಾನು ಮಾತು ಕೊಟ್ಟಾಗಿದೆ. ಪುಸ್ತಕ ವಾಪಸು ಕೊಡು.

ನಿನ್ನ ಅಣ್ಣ,
ಶ್ರೀರಾಮಪ್ಪ


ರಾಬರ್ಟ್‌ಸನ್‌ಪೇಟೆ
31-8-1958

ಅಣ್ಣನವರಿಗೆ ಮುನಿರತ್ನಳ ನಮಸ್ಕಾರಗಳು.

ಪುಸ್ತಕ ವಾಪಸು ಕೊಟ್ಟೆ. ಅದರೊಳಗಿದ್ದದ್ದನ್ನು ವಾಪಸು ಕೊಡಲು ಆಗಲಿಲ್ಲ.

ನೀವು ನಗುವುದಕ್ಕೆ ಇನ್ನೂ ಒಂದು ವಿಷಯ ನಾನೇ ಕೊಡುತ್ತೇನೆ. ಹೋದ ವರ್ಷ ಇನ್ನೊಂದು ಕಥೆ ಓದಿದ ಮೇಲೆ ಗಣಿಯ ಮಣ್ಣು ಸುರಿದ ಸಯನೈಡ್ ದಿಬ್ಬದ ಪಕ್ಕದ ದಾರಿ ಬಿಟ್ಟುಬಿಟ್ಟೆ. ಆ ಕಥೆಯಲ್ಲಿ ಅಂಥದ್ದೇ ದಿಬ್ಬದೊಳಗಿಂದ ಒಂದು ಕೈ ಬರುತ್ತದೆ. ಈ ಕುಂಟು ಕಾಲಿಟ್ಟುಕೊಂಡು ದಿನಾ ಅರ್ಧ ಮೈಲಿ ಸುತ್ತಿ ಶಾಲೆಗೆ ಹೋಗುತ್ತೇನೆ. ಅದು ಹುಚ್ಚು ಅಂತ ನನಗೂ ಗೊತ್ತು. ಲೋಟ ಬಿದ್ದರೆ ಹೆದರದೆ ಇರುವುದು ಧೈರ್ಯವೇನಲ್ಲ, ಅಭ್ಯಾಸ. ಇಲ್ಲಿ ಎಲ್ಲರಿಗೂ ಅಭ್ಯಾಸವಾಗಿದೆ.

ಆದರೆ ಈ ಪುಸ್ತಕದಿಂದ ನಾನು ಒಂದು ಪ್ರಶ್ನೆ ಕಲಿತೆ. ಅದರಲ್ಲಿ ಆ ಹೆಂಗಸು ಒಂದು ದಿನ ಗಮನಿಸುತ್ತಾಳೆ: ಸತ್ತ ಹೆಂಡತಿಗೆ ಈ ಮನೆಯಲ್ಲಿ ತಿಥಿ ಇಲ್ಲ, ಎಲ್ಲಿ ಮಣ್ಣು ಮಾಡಿದರು ಅಂತ ಯಾರ ಬಾಯಲ್ಲೂ ಬರುವುದಿಲ್ಲ. ಸಂಬಂಧ ತಂದವರು ನಮ್ಮ ಕದಿರಮ್ಮತ್ತೆಯೇ ಅಲ್ಲವೇ, ನಾನಿರುವುದೂ ಅವರ ಮನೆಯಲ್ಲೇ. ಅವರನ್ನು ಕೇಳಿದೆ, ಜಯರಾಮಪ್ಪನ ಹೆಂಡತಿ ಏನಾಗಿ ಹೋದಳು ಅಂತ. ಜ್ವರ ಅಂದರು. ನಾಲ್ಕು ದಿನ ಬಿಟ್ಟು ಕೇಳಿದಾಗ ಎದೆನೋವು ಅಂದರು. ಮೂರನೇ ಸಲ ಕೇಳಿದ್ದಕ್ಕೆ ಕೈಯಲ್ಲಿದ್ದ ಮೊರ ಕೆಳಗಿಟ್ಟು, ನಿನಗ್ಯಾಕೆ ಬೇಕು ಅದೆಲ್ಲಾ ಅಂತ ರೇಗಿದರು.

ನೀವು ವಿಜ್ಞಾನ ಹೇಳಿಕೊಡುವವರು. ಒಂದೇ ಪ್ರಶ್ನೆಗೆ ಮೂರು ಉತ್ತರ ಬಂದರೆ ನಿಮ್ಮ ತರಗತಿಯಲ್ಲಿ ಏನು ಮಾಡುತ್ತೀರಿ?

ಇಂತು ನಿಮ್ಮ ತಂಗಿ,
ಮುನಿರತ್ನ


ಬಂಗಾರಪೇಟೆ
9-9-1958

ಚಿ. ಮುನಿರತ್ನಳಿಗೆ,

ಕದಿರಮ್ಮತ್ತೆಗೆ ಓದು ಬರಹವಿಲ್ಲ. ಆಕೆ ತನ್ನ ಸ್ವಂತ ಗಂಡ ಸತ್ತದ್ದಕ್ಕೂ ಮೂರು ಕಾರಣ ಹೇಳುತ್ತಾಳೆ. ಅದನ್ನು ಸಾಕ್ಷಿಯೆಂದು ಹಿಡಿದು ನನಗೆ ಸವಾಲು ಹಾಕುತ್ತೀಯ.

ಉತ್ತರ ಬೇಕಲ್ಲವೇ? ವಿಷಮಶೀತ ಜ್ವರ. ಮೂರು ವರ್ಷದ ಕೆಳಗೆ. ತವರಿನಲ್ಲಿ ತೀರಿಕೊಂಡಳು. ನಾನೇ ಖುದ್ದಾಗಿ ವಿಚಾರಿಸಿಕೊಂಡು ಬಂದಿದ್ದೇನೆ. ಇಷ್ಟು ಸಾಕೋ, ಸರ್ಟಿಫಿಕೇಟು ತರಿಸಬೇಕೋ?

ಹೆದರಿಕೆಯಲ್ಲಿ ಎರಡು ಬಗೆ. ಬೆಂಕಿ ಮುಟ್ಟಿದ ಮಗುವಿನ ಹೆದರಿಕೆ ಒಂದು, ಅದು ಅನುಭವ, ಅದರಿಂದ ಉಪಯೋಗವಿದೆ. ಇನ್ನೊಂದು, ಕೂತು ತಿನ್ನುವ ಯಾವನೋ ಕಾದಂಬರಿಕಾರ ಹೊಟ್ಟೆಪಾಡಿಗೆ ಹುಟ್ಟಿಸಿದ್ದು. ಅದನ್ನು ಎಚ್ಚರಿಕೆ ಅಂತ ಕರೆಯುವುದು ನಾಟಕದ ರಾಜನಿಗೆ ಕಂದಾಯ ಕಟ್ಟಿದ ಹಾಗೆ. ಬೂದಿಕೋಟೆಯಲ್ಲಿರುವ ಅಮ್ಮನಿಗೆ ಇದನ್ನೆಲ್ಲ ಬರೆಯಬೇಡ. ಆಕೆ ನಂಬಿಬಿಡುತ್ತಾಳೆ.

ಕಾರ್ತಿಕದಲ್ಲಿ ಲಗ್ನ.

ಶ್ರೀರಾಮಪ್ಪ


ರಾಬರ್ಟ್‌ಸನ್‌ಪೇಟೆ
14-10-1958

ಅಣ್ಣನವರಿಗೆ,

ನಿಮ್ಮ ಹಿಂದಿನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ನೀವು ಖುದ್ದಾಗಿ ವಿಚಾರಿಸಿದ್ದೀರಿ ಅಂದ ಮೇಲೆ ನನಗೆ ನಾಚಿಕೆಯಾಯಿತು. ಸುಮ್ಮನಾಗಿದ್ದೆ. ಆದರೆ ಮೊನ್ನೆ ಭಾನುವಾರ ಮಹಾಲಯ ಅಮಾವಾಸ್ಯೆಗೆ ಜಯರಾಮಪ್ಪನ ಮನೆಯಿಂದ ಊಟಕ್ಕೆ ಕರೆ ಬಂತು. ಅತ್ತೆ ನನ್ನನ್ನೂ ಕರೆದುಕೊಂಡು ಹೋದರು.

ಹಿರಿಯರಿಗೆ ಎಡೆ ಇಟ್ಟಿದ್ದರು. ಗೋಡೆಗೆ ಮೂರು ಪಟ, ಅವನ ಅಪ್ಪ, ಅಮ್ಮ, ಚಿಕ್ಕಂದಿನಲ್ಲಿ ಸತ್ತ ಒಬ್ಬ ತಮ್ಮ. ಮೂರು ಎಲೆ, ಮೂರು ಹೊಸ ಬಟ್ಟೆ. ಅತ್ತೆಯ ಪಕ್ಕ ಕೂತಿದ್ದ ನಾನು ಮೂರನ್ನೂ ಎಣಿಸಿ ಮತ್ತೆ ಎಣಿಸಿದೆ. ಹೆಂಡತಿಗೆ ಎಲೆಯಿಲ್ಲ, ಸೀರೆಯಿಲ್ಲ. ಮುತ್ತೈದೆಯಾಗಿ ಹೋದವಳಿಗೆ ಒಂದು ಹಿಡಿ ಅರಿಶಿನ ಕುಂಕುಮ ಕೂಡ ಇಡಲಿಲ್ಲ. ಕೇಳೋಣವೆಂದು ತಲೆಯೆತ್ತಿದರೆ ಆ ಅಕ್ಕ, ಅಮ್ಮಾಜಮ್ಮ, ಒಲೆಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ಊಟ ಮುಗಿಯುವವರೆಗೂ ನೋಡುತ್ತಲೇ ಇದ್ದಳು. ಕೊನೆಗೆ ತಾನೇ ಬಂದು ನನ್ನ ಮುಂದೆ ಮಜ್ಜಿಗೆ ಲೋಟ ಇಟ್ಟಳು.

ನಾನು ಅದನ್ನು ಕೈ ತೊಳೆಯುವ ನೆವದಲ್ಲಿ ಬಚ್ಚಲಿಗೆ ಚೆಲ್ಲಿದೆ. ಅವಳು ನೋಡಿಬಿಟ್ಟಳು.

ನಗಿ. ಆದರೆ ಎಡೆ ಯಾಕಿಲ್ಲ ಅಂತ ಹೇಳಿ.

ಮುನಿರತ್ನ


ಬಂಗಾರಪೇಟೆ
20-10-1958

ಮುನಿರತ್ನಳಿಗೆ,

ಮದುವೆಯಾಗಬೇಕಾದ ಮನೆಯಲ್ಲಿ ಕೂತು ಎಲೆ ಎಣಿಸಿದೆ. ಕೊಟ್ಟ ಮಜ್ಜಿಗೆ ಚೆಲ್ಲಿದೆ. ಅಪ್ಪ ಬದುಕಿದ್ದಿದ್ದರೆ ಏನು ಮಾಡುತ್ತಿದ್ದರೋ. ನಾನು ಇಷ್ಟೇ ಹೇಳುತ್ತೇನೆ: ತವರಿನಲ್ಲಿ ಸತ್ತವಳಿಗೆ ತವರಿನವರು ಎಡೆ ಇಡುತ್ತಾರೆ. ಒಂದೊಂದು ಮನೆಯಲ್ಲಿ ಒಂದೊಂದು ಪದ್ಧತಿ. ನಿನ್ನ ಕಾದಂಬರಿಕಾರನಿಗೆ ಅದು ಗೊತ್ತಿಲ್ಲದಿದ್ದರೆ ಆಶ್ಚರ್ಯವಿಲ್ಲ.

ಆ ಮಜ್ಜಿಗೆಯನ್ನು ಮಿಕ್ಕವರೂ ಕುಡಿದರಲ್ಲ, ಎಷ್ಟು ಹೆಣ ಬಿದ್ದವು?

ಪಂಕಜಳಿಗೆ ಹನ್ನೊಂದು ವರ್ಷ. ಕತ್ತಲ ಕೋಣೆಗೆ ದೀಪವಿಲ್ಲದೆ ಹೋಗುತ್ತಾಳೆ. ನಿನಗೆ ಇಪ್ಪತ್ತಾರು.

ಶ್ರೀರಾಮಪ್ಪ


ರಾಬರ್ಟ್‌ಸನ್‌ಪೇಟೆ
30-10-1958

ಅಣ್ಣನವರಿಗೆ,

ದಸರಾ ರಜೆ ಮುಗಿದು ಶಾಲೆ ಶುರುವಾಯಿತು. ಈ ವಾರ ಎರಡು ಸಲ ಅಮ್ಮಾಜಮ್ಮ ಶಾಲೆಯ ಗೇಟಿಗೆ ಬಂದಿದ್ದಳು, ಒಬ್ಬಳೇ. ಕೈಯಲ್ಲಿ ಏನೋ ಗಂಟು. ನನ್ನನ್ನು ನೋಡಬೇಕು ಅಂದಳಂತೆ. ನಮ್ಮ ಜವಾನ ಕುಪ್ಪುಸ್ವಾಮಿಗೆ ಹೇಳಿ, ಟೀಚರ್ ರಜಾ ಅಂತ ಎರಡು ಸಲವೂ ವಾಪಸು ಕಳಿಸಿದೆ. ಎರಡನೇ ಸಲ ಅವಳು ಎದುರುಗಡೆ ಬೇವಿನ ಮರದ ಕೆಳಗೆ ಒಂದು ಗಂಟೆ ಕೂತಿದ್ದು ಹೋದಳು. ನಾನು ಕಿಟಕಿ ಹಾಕಿಸಿ ಪಾಠ ಮಾಡಿದೆ.

ಅತ್ತೆಯ ಬಾಯಿಂದ ಇನ್ನೊಂದು ಮಾತು ಜಾರಿತು. ಆ ಹೆಂಡತಿಯ ಹೆಸರು ಗಂಗರತ್ನಮ್ಮ, ತವರು ಬೇತಮಂಗಲ. ಅಲ್ಲಿ ಎಡೆ ಇಟ್ಟರೋ ಇಲ್ಲವೋ ಕೇಳಿಕೊಂಡು ಬರುತ್ತೇನೆ. ಇಟ್ಟಿದ್ದರೆ ನೀವು ಹೇಳಿದ ದಿನ ಹಸೆಮಣೆ ಮೇಲೆ ಕೂರುತ್ತೇನೆ.

ಮುನಿರತ್ನ


ರಾಬರ್ಟ್‌ಸನ್‌ಪೇಟೆ
3-11-1958

ಅಣ್ಣನವರಿಗೆ,

ನಿನ್ನೆ ಬೇತಮಂಗಲಕ್ಕೆ ಹೋಗಿದ್ದೆ. ಬಸ್ಸಿಳಿದು ಕೆರೆ ಏರಿಯ ಮೇಲೆ ಮುಕ್ಕಾಲು ಮೈಲಿ ನಡೆದೆ. ಗಂಗರತ್ನಮ್ಮನ ಮನೆ ಯಾವುದು ಅಂತ ಒಬ್ಬ ಮುದುಕನನ್ನು ಕೇಳಿದ್ದಕ್ಕೆ ಅವನು ಕೋಲಿನಿಂದ ಕೆಳಗೆ ತೋರಿಸಿ, ಅಗೋ ಅವಳೇ ಅಲ್ವಾ ಅಂದ.

ತೂಬಿನ ಕಾಲುವೆಯಲ್ಲಿ ಒಬ್ಬ ಹೆಂಗಸು ಕಂಬಳಿ ಒಗೆಯುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ನಾನು ಯಾರು, ಯಾಕೆ ಬಂದೆ ಅಂತೆಲ್ಲ ಹೇಳಿದೆ. ಅವಳು ಕಂಬಳಿ ಹಿಂಡುವುದು ನಿಲ್ಲಿಸಲಿಲ್ಲ.

“ಸತ್ತೋದ್ಲು ಅಂದ್ರಾ? ಏನಾಗಿ ಅಂದ್ರು?”

“ಜ್ವರ.”

“ಓಗ್ಲಿ ಬಿಡಮ್ಮ. ಬಾವಿಗೆ ಬಿದ್ಲು ಅನ್ನಲಿಲ್ವಲ್ಲ.”

ಮದುವೆಯಾಗಿ ನಾಲ್ಕು ವರ್ಷ ಮಕ್ಕಳಾಗಲಿಲ್ಲವಂತೆ. ಯುಗಾದಿಗೆ ತವರಿಗೆ ಕಳಿಸಿದವರು ಮತ್ತೆ ಕರೆಯಲಿಲ್ಲವಂತೆ. ಗಂಡ ಬೇಕು ಅಂತ ಅವಳು ಅಳಲಿಲ್ಲ, ಅವನನ್ನು ಬೈಯಲೂ ಇಲ್ಲ. ಮನೆಗೆ ಕರೆದುಕೊಂಡು ಹೋಗಿ ನನಗೆ ರಾಗಿ ಅಂಬಲಿ ಕೊಟ್ಟಳು. ಕುಡಿದೆ. ಆ ಮನೆಯಿಂದ ಈಗಲೂ ಇವಳನ್ನು ನೋಡಲು ಬರುವುದು ಒಬ್ಬರೇ, ಅಮ್ಮಾಜಮ್ಮ. ಹಬ್ಬಕ್ಕೆ ತನ್ನದೇ ಸೀರೆ ತಂದು ಕೊಟ್ಟು ಹೋಗುತ್ತಾಳಂತೆ. ಹೋದ ವಾರ ಬಂದಿದ್ದಾಗ ಹೇಳಿದಳಂತೆ: “ಒಸಾ ಉಡುಗಿಗೆ ಇಂಗಿಂಗೆ ಅಂತ ಏಳಿಬಿಡಾಣ ಅಂತ ಇಸ್ಕೂಲ್ ತಾವ ಎಲ್ಡು ಸಲ ಓದೆ. ಆ ಉಡುಗಿ ನನ್ನ ಕಂಡ್ರೆ ದೆವ್ವ ಕಂಡಂಗೆ ಎದರ್ಕಂತಾಳೆ.” ನಂಬಿಕೆ ಬರಲಿ ಅಂತ ಇವಳ ಹೆಸರು, ಊರು ಇರುವ ಮದುವೆಯ ಲಗ್ನಪತ್ರಿಕೆಯನ್ನೇ ಗಂಟು ಕಟ್ಟಿ ತಂದಿದ್ದಳಂತೆ.

ಅಣ್ಣ, ನಾನು ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದೆ. ಆಗ ಗಂಗರತ್ನಮ್ಮ ಇನ್ನೊಂದು ಮಾತು ಹೇಳಿದಳು. ಆಷಾಢದಲ್ಲಿ ಹೆಣ್ಣಿನ ಕಡೆಯವರು ಅಂತ ಒಬ್ಬರು ಬಂದಿದ್ದರಂತೆ. ಕನ್ನಡಕ, ಕೊಡೆ, ಹೈಸ್ಕೂಲ್ ಮೇಷ್ಟ್ರು. ಮಾತಾಡುವಾಗ ಬಲಗಿವಿ ಮುಟ್ಟಿಕೊಳ್ಳುತ್ತಿದ್ದರಂತೆ. ಬರೆದು ತಂದ ಕಾಗದ ಓದಿ ಹೇಳಿ, ಈ ಮದುವೆಗೆ ನನ್ನದೇನೂ ತಕರಾರಿಲ್ಲ ಅಂತ ಇವಳ ಹೆಬ್ಬೆಟ್ಟು ಹಾಕಿಸಿಕೊಂಡರಂತೆ. ಯಾಕೆ ಹಾಕಿದೆ ಅಂತ ಕೇಳಿದೆ.

“ಆಕದೆ ಇದ್ರೆ ಕರ್ಕೊಂಡೋಗ್ತಾರಾ?” ಅಂದಳು.

ವಿಚಾರಿಸಿಕೊಂಡು ಬಂದಿದ್ದೇನೆ ಅಂತ ನೀವು ಬರೆದದ್ದು ನಿಜ. ಇವಳ ಕೈಯಿಂದ ನೀವೂ ಅಂಬಲಿ ಕುಡಿದಿರಂತೆ. ಕುಡಿದು ಬಂದು ನನಗೆ ವಿಷಮಶೀತ ಜ್ವರ ಅಂತ ಬರೆದಿರಿ. ಹೆಂಡತಿ ಬದುಕಿರುವಾಗ ಇನ್ನೊಂದು ಮದುವೆ ನಿಲ್ಲುವುದಿಲ್ಲ ಅಂತ ಕಾನೂನು ಬಂದು ಮೂರು ವರ್ಷವಾಯಿತು, ನಿಮ್ಮ ಶಾಲೆಗೆ ದಿನಾ ಪೇಪರು ಬರುತ್ತದೆ.

ಆ ಪುಸ್ತಕದಲ್ಲಿ ಗಂಡ ಇದ್ದ, ಗಂಡನ ಅಕ್ಕ ಇದ್ದಳು, ವೈದ್ಯ ಇದ್ದ. ಹೆಣ್ಣಿನ ಅಣ್ಣ ಇರಲಿಲ್ಲ. ಅದಕ್ಕೇ ನಿಮ್ಮ ಮೇಲೆ ನನಗೆ ಅನುಮಾನ ಬರಲಿಲ್ಲ.

ಮದುವೆ ಇಲ್ಲ. ಅವರಿಗೆ ನೀವೇ ಹೇಳಿ. ಮಾತು ಕೊಟ್ಟವರು ನೀವು.

ಮುನಿರತ್ನ


ಬಂಗಾರಪೇಟೆ
29-11-1958

ಮುನಿರತ್ನಳಿಗೆ,

ಹೇಳಿದ್ದೇನೆ. ಜಯರಾಮಪ್ಪ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿಯೇ ಮಾತಾಡಿದ. ಅದು ನಿನಗೆ ಸಂತೋಷವಾಗಬಹುದು.

ಅಪ್ಪ ಹೋದಾಗ ನಿನಗೆ ಹದಿಮೂರು. ನಿನ್ನನ್ನು ಓದಿಸಿದವನು ಯಾರು? ಏಳು ಮನೆಯವರು ಬಂದು ತಿಂಡಿ ತಿಂದು ನೀನು ಎದ್ದು ನಡೆಯುವುದನ್ನು ನೋಡಿ ಎದ್ದು ಹೋದಾಗ ಅವರನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬಂದವನು ಯಾರು? ಆ ಗಂಗರತ್ನಮ್ಮ ಅವರಿಗೆ ಸತ್ತ ಹಾಗೆಯೇ. ಅವರು ಅಂದದ್ದನ್ನು ನಾನು ಬರೆದೆ. ನಿನಗೂ ಒಂದು ಮನೆಯಾಗಲಿ ಅಂತ ಬರೆದೆ. ಸುಳ್ಳು ಅನ್ನು, ಅನ್ನಿಸಿಕೊಳ್ಳುತ್ತೇನೆ.

ಆದರೆ ನಿನ್ನ ಬಾಡಿಗೆ ಪುಸ್ತಕ ಗೆದ್ದಿತು ಅಂತ ಬೀಗಬೇಡ. ವಿಷ ಇತ್ತೇ? ಕೊಲೆ ಇತ್ತೇ? ನೀನು ಹೆದರಿದ್ದರಲ್ಲಿ ಒಂದಾದರೂ ಅಲ್ಲಿ ಇತ್ತೇ? ಆ ಮನೆಯಲ್ಲಿ ನಿನಗೆ ಒಳ್ಳೆಯದು ಬಯಸಿದವಳು ಒಬ್ಬಳೇ, ಅವಳನ್ನು ಜವಾನನಿಂದ ಓಡಿಸಿದೆ. ಕಣ್ಣುಮುಚ್ಚಿ ಕಲ್ಲೆಸೆದವಳು ನೀನು. ತಗುಲಿದ್ದು ಅದೃಷ್ಟ.

ಇನ್ನು ಮೇಲೆ ನಿನ್ನ ಮದುವೆ ಮಾತು ನಾನು ಎತ್ತುವುದಿಲ್ಲ. ಕಾಗದವನ್ನೂ ಬರೆಯುವುದಿಲ್ಲ.

ಶ್ರೀರಾಮಪ್ಪ


ರಾಬರ್ಟ್‌ಸನ್‌ಪೇಟೆ
8-12-1958

ಅಣ್ಣನವರಿಗೆ,

ನೀವು ಉತ್ತರ ಬರೆಯದಿದ್ದರೂ ಇದು ನಿಮಗೆ ತಿಳಿದಿರಲಿ. ಕಣ್ಣುಮುಚ್ಚಿ ಕಲ್ಲೆಸೆದೆ ಅಂದಿರಿ, ಒಪ್ಪುತ್ತೇನೆ. ಹೆದರಬೇಕು ಅಂತ ಪುಸ್ತಕ ಹೇಳಿಕೊಟ್ಟಿತು, ಯಾರಿಗೆ ಅಂತ ತಪ್ಪಾಗಿ ಹೇಳಿಕೊಟ್ಟಿತು. ಆದರೆ ಪ್ರಶ್ನೆ ಕೇಳು ಅಂದದ್ದು ಅದೊಂದೇ. ಸುಮ್ಮನಿರು ಅಂದವರು ಮಿಕ್ಕವರೆಲ್ಲ.

ಹೋದ ವಾರ ಗಣಿ ಲೈನಿನ ಮನೆಗಳ ನಲ್ಲಿಯ ಹತ್ತಿರ ಅಮ್ಮಾಜಮ್ಮನಿಗಾಗಿ ಕಾದು ನಿಂತು, ಕ್ಷಮಿಸಿ ಅಂತ ಕೇಳಿದೆ. ಅವರು ಬಿಂದಿಗೆ ತುಂಬಿ ಪಕ್ಕಕ್ಕಿಟ್ಟರು. ಆಮೇಲೆ, “ಮಜ್ಜಿಗೆ ಚೆಲ್ಲಿದ್ದು ನೋಡ್ದೆ ಕಣಮ್ಮ. ಉಳಿ ಆಗಿತ್ತೇನೋ ಅನ್ಕಂಡೆ” ಅಂದರು. ತಮ್ಮನಿಗೆ ಗೊತ್ತಾದರೆ ಮನೆಯಿಂದ ಹೊರಗೆ ಹಾಕುತ್ತಾನೆ ಅಂತ ಗೊತ್ತಿದ್ದೂ ಆಕೆ ನನ್ನ ಶಾಲೆಗೆ ಎರಡು ಸಲ ನಡೆದು ಬಂದಿದ್ದರು. ಅವರು ಯಾವ ಪುಸ್ತಕವನ್ನೂ ಓದಿದವರಲ್ಲ.

ಮುನಿರತ್ನ


ಬಂಗಾರಪೇಟೆ
17-4-1966

ಚಿ. ಮುನಿರತ್ನಳಿಗೆ ಶ್ರೀರಾಮಪ್ಪನ ಆಶೀರ್ವಾದಗಳು.

ಏಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅಮ್ಮ ತೀರಿಕೊಂಡು ಆಕೆಯ ಕರ್ಮಗಳಿಗೆ ಬೂದಿಕೋಟೆಯಲ್ಲಿ ಸೇರಿದಾಗಲೂ ನಾವು ಮಾತಾಡಲಿಲ್ಲ. ನೀನಾಗಿ ಮಾತಾಡಿಸುತ್ತೀಯ ಅಂತ ಕಾದೆ, ನೀನೂ ಹಾಗೇ ಕಾದಿರಬೇಕು.

ಪಂಕಜಳಿಗೆ ಹತ್ತೊಂಬತ್ತು. ಒಂದು ಸಂಬಂಧ ಬಂದಿದೆ. ಊರಿಗಾಂ ಕಡೆಯ ಹುಡುಗ, ಹೆಸರು ಮುನಿನಾರಾಯಣಪ್ಪ, ಗಣಿಯ ಕರೆಂಟ್ ವಿಭಾಗದಲ್ಲಿ ಕೆಲಸ. ನಾನು ಒಂದು ಸಲ ಹೋಗಿ ಬಂದೆ. ಕಾಫಿ ಕೊಟ್ಟರು, ಚೆನ್ನಾಗಿ ಮಾತಾಡಿಸಿದರು, ನಂಬಿ ಬಂದೆ. ಬಂದ ಮೇಲೆ ನಿದ್ದೆ ಬರುತ್ತಿಲ್ಲ. ನಾನು ಏನನ್ನು ಕೇಳಬೇಕಿತ್ತು ಅಂತಲೇ ನನಗೆ ತಿಳಿಯುವುದಿಲ್ಲ.

ನಿನಗೆ ಅಲ್ಲಿ ಜನ ಗೊತ್ತು. ಒಮ್ಮೆ ಹೋಗಿ ನೋಡಿ ಬರೆಯುತ್ತೀಯಾ? ನಿನ್ನ ಹೆದರಿಕೆಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೂ ಕೇಳುತ್ತಿದ್ದೇನೆ.

ನಿನ್ನ ಅಣ್ಣ,
ಶ್ರೀರಾಮಪ್ಪ


ರಾಬರ್ಟ್‌ಸನ್‌ಪೇಟೆ
9-5-1966

ಅಣ್ಣನವರಿಗೆ ಮುನಿರತ್ನಳ ನಮಸ್ಕಾರಗಳು.

ಮೂರು ಭಾನುವಾರ ಹೋಗಿ ಬಂದೆ. ಅಮ್ಮಾಜಮ್ಮನೂ ಜೊತೆಗಿದ್ದರು. ನಿಮಗೆ ಯಾರೂ ಹೇಳಿರಲಾರರು, ಮೂರು ವರ್ಷದಿಂದ ಅವರು ನನ್ನ ಮನೆಯಲ್ಲೇ ಇದ್ದಾರೆ.

ಯಾಕೆ ಇದ್ದಾರೆ ಅನ್ನುವುದನ್ನೂ ಬರೆಯುತ್ತೇನೆ. ನಾನು ಬೇಡ ಅಂದ ಮೇಲೆ ಜಯರಾಮಪ್ಪ ಮುಂದಿನ ವೈಶಾಖದಲ್ಲೇ ಕುಪ್ಪಂ ಕಡೆಯ ಒಬ್ಬ ಹುಡುಗಿಯನ್ನು ಮದುವೆಯಾದ. ಮದುವೆಗೆ ತಿಂಗಳು ಮುಂಚೆಯೇ ನನಗೆ ಗೊತ್ತಿತ್ತು. ಹುಡುಗಿಯ ಊರು, ಅಪ್ಪನ ಹೆಸರು ಎರಡೂ ಗೊತ್ತಿತ್ತು. ಒಂದು ಕಾಗದ ಬರೆದಿದ್ದರೆ ಸಾಕಾಗಿತ್ತು. ಬರೆಯಲಿಲ್ಲ. ನನ್ನ ತಲೆಯ ಮೇಲಿದ್ದದ್ದು ತಪ್ಪಿತು ಅಂತ ನೆಮ್ಮದಿಯಾಗಿ ಪಾಠ ಮಾಡಿಕೊಂಡಿದ್ದೆ. ನಾಲ್ಕು ವರ್ಷದ ಮೇಲೆ ಅವಳನ್ನೂ ತವರಿಗೆ ಕಳಿಸಿದರು. ಆ ದಿನ ಅಮ್ಮಾಜಮ್ಮ ಅಡ್ಡ ನಿಂತದ್ದಕ್ಕೆ ತಮ್ಮ ಅವರನ್ನೂ ಹೊರಗೆ ಹಾಕಿದ. ನೀವು ಸುಳ್ಳು ಹೇಳಿದಿರಿ, ನಾನು ನಿಜ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನಿಮ್ಮನ್ನು ಏಳು ವರ್ಷ ಮಾತಾಡಿಸದೆ ಇದ್ದವಳಿಗೆ ಅಷ್ಟು ಸೆಟೆದುಕೊಳ್ಳುವ ಹಕ್ಕು ಇರಲಿಲ್ಲ.

ಇನ್ನು ಮುನಿನಾರಾಯಣಪ್ಪನ ವಿಷಯ. ಅವನ ಮನೆ, ಅವನ ಕೆಲಸದ ಜಾಗ, ಪಕ್ಕದ ಮನೆಯವರು, ಅವನು ಎಸ್ಸೆಸ್ಸೆಲ್ಸಿ ಓದಿದ ಶಾಲೆ ಎಲ್ಲ ಕಡೆ ಕೇಳಿದ್ದೇನೆ. ಒಳ್ಳೆಯದೂ ಸಿಕ್ಕಿತು, ಯೋಚಿಸಬೇಕಾದದ್ದೂ ಸಿಕ್ಕಿತು. ಅವನನ್ನೇ ಎದುರು ಕೂರಿಸಿಕೊಂಡು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರವನ್ನೂ ಬರೆದುಕೊಂಡೆ.

ಅದೆಲ್ಲವನ್ನೂ ಬೇರೆ ಲಕೋಟೆಯಲ್ಲಿ ಪಂಕಜಳ ಹೆಸರಿಗೆ ಹಾಕಿದ್ದೇನೆ. ಇದರ ಜೊತೆಗೇ ಬರುತ್ತದೆ. ದಯವಿಟ್ಟು ಒಡೆಯಬೇಡಿ. ಅವಳು ಓದಿ ನಿಮಗೆ ಹೇಳಿದರೆ ಕೇಳಿಕೊಳ್ಳಿ.

ಇಂತು ನಿಮ್ಮ ತಂಗಿ,
ಮುನಿರತ್ನ